ಐಸ್ ಕರಗಲಿ ಬಿಡಿ

ಹುಟ್ಟುಹಬ್ಬಕ್ಕೆ ಏನು ಕೊಡುವುದೆಂದು ತೋಚದ ಗೆಳೆಯರು ಈಗೀಗ ಕಲ್ಲು ಕೊಡುತ್ತಾರೆ. ಸಣ್ಣ ಮರದ ಪೆಟ್ಟಿಗೆ, ಒಳಗೆ ಬೂದುಬಣ್ಣದ ಚೌಕ ಕಲ್ಲುಗಳು, ಜೊತೆಗೊಂದು ಬಟ್ಟೆಯ ಚೀಲ. ಫ್ರೀಜರಿನಲ್ಲಿಟ್ಟು ಗ್ಲಾಸಿಗೆ ಹಾಕಿಕೊಂಡರೆ ವಿಸ್ಕಿ ತಂಪಾಗುತ್ತದೆ, ಒಂದು ಹನಿ ನೀರೂ ಸೇರುವುದಿಲ್ಲ ಎಂಬುದು ಮಾರುವವರ ಭರವಸೆ. ಕಲ್ಲು ಸಾಮಾನ್ಯವಾಗಿ ಬಳಪದ ಕಲ್ಲು. ಬೇಲೂರಿನಲ್ಲಿ ಶಿಲ್ಪಿಗಳು ಮದನಿಕೆಯರನ್ನು ಕಡೆದದ್ದು ಇದೇ ಜಾತಿಯ ಕಲ್ಲಿನಲ್ಲಿ. ಒಂಬೈನೂರು ವರ್ಷ ಮಳೆಗಾಳಿಗೆ ಜಗ್ಗದ ಕಲ್ಲು ಗ್ಲಾಸಿನಲ್ಲಿ ಕರಗೀತೆ? ಕರಗುವುದಿಲ್ಲ. ವಿಸ್ಕಿ ಹೇಳಿಕೊಳ್ಳುವಷ್ಟು ತಂಪೂ ಆಗುವುದಿಲ್ಲ.

ಒಂದು ಗ್ರಾಂ ಐಸ್ ಕರಗಿ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು (ಡಯೆಟ್ ಪಟ್ಟಿಯ ಕ್ಯಾಲೊರಿಯಲ್ಲ, ಅದರ ಸಾವಿರದ ಒಂದು ಪಾಲು). ಆ ಶಾಖವನ್ನು ಐಸ್ ಸುತ್ತಲಿನ ಮದ್ಯದಿಂದಲೇ ಎಳೆದುಕೊಳ್ಳುತ್ತದೆ. ಕಲ್ಲಿಗೆ ಕರಗುವ ಬಾಬತ್ತೇ ಇಲ್ಲ. 20 ಗ್ರಾಂ ತೂಕದ ಬಳಪದ ಕಲ್ಲೊಂದು ಮೈನಸ್ 18 ಡಿಗ್ರಿಯಿಂದ ಸೊನ್ನೆಗೆ ಬರುವಷ್ಟರಲ್ಲಿ ಹೀರುವುದು 80 ಕ್ಯಾಲೊರಿ ಚಿಲ್ಲರೆ. ಅಂದರೆ ಇಡೀ ಕಲ್ಲು ಮಾಡುವ ಕೆಲಸವನ್ನು ಒಂದೇ ಒಂದು ಗ್ರಾಂ ಐಸ್ ಕರಗಿ ಮಾಡಿ ಮುಗಿಸುತ್ತದೆ.

ಇಷ್ಟಾದರೂ ಕಲ್ಲು ಖರ್ಚಾಗುತ್ತಿದೆ. ಅದರ ಹಿಂದಿರುವುದು ವಿಜ್ಞಾನವಲ್ಲ, ಒಂದು ಭಯ: ಮದ್ಯಕ್ಕೆ ನೀರು ಸೇರಿದಷ್ಟೂ ಅದು ಕೆಡುತ್ತದೆ ಎಂಬ ಭಯ. ಗಲ್ಲಿಯ ಬಾರಿನಲ್ಲಿ ಅದು ‘ಐಸ್ ಕಮ್ಮಿ ಹಾಕಪ್ಪ, ನೀರಾಗೋಗುತ್ತೆ’ ಎಂಬ ಮಾತಾಗಿ ಕೇಳುತ್ತದೆ. ಕಾಕ್‌ಟೇಲ್ ಒಂದಕ್ಕೆ ಸಾವಿರ ರೂಪಾಯಿ ಬಿಲ್ ಮಾಡುವ ಜಾಗದಲ್ಲಿ ಅದೇ ಭಯ ಕನ್ನಡಿಯಂಥ ಐಸ್‌ಗಡ್ಡೆಯ ರೂಪದಲ್ಲಿ, ‘ನಮ್ಮಲ್ಲಿ ಡೈಲ್ಯೂಷನ್ ತೀರಾ ಕಡಿಮೆ ಸರ್’ ಎಂಬ ಹೆಮ್ಮೆಯ ರೂಪದಲ್ಲಿ ಬರುತ್ತದೆ. ಎರಡೂ ಕಡೆ ನೀರೇ ಅಪರಾಧಿ. ಚಮಚದಲ್ಲಿ ಕಲಕಿ ಮಾಡುವ ಕಾಕ್‌ಟೇಲ್‌ಗಳ ಮಟ್ಟಿಗೆ, ಅದರಲ್ಲೂ ಜಿನ್ ಮತ್ತು ಗಿಡಮೂಲಿಕೆಯ ಲಿಕ್ಯೂರ್ ಸೇರಿದವುಗಳ ಮಟ್ಟಿಗೆ, ಈ ತೀರ್ಪು ಪೂರ್ತಿ ತಲೆಕೆಳಗಾದದ್ದು.

ಭಯಕ್ಕೆ ಬೇರು ಇಲ್ಲವೆಂದಲ್ಲ. 2007ರಲ್ಲಿ ಸಾರಾಯಿ ನಿಷೇಧವಾಗುವವರೆಗೆ ಕರ್ನಾಟಕದ ಸಾರಾಯಿ ಅಂಗಡಿಗಳಲ್ಲಿ ಕುಡಿದವರಿಗೆ ನೀರು ಅಂದರೆ ಕಲಬೆರಕೆ ಎಂದೇ ಅರ್ಥ. ಪೆಗ್ ಲೆಕ್ಕದಲ್ಲಿ ದುಡ್ಡು ಕೊಡುವವನ ಕಣ್ಣು ಅಳತೆಯ ಮೇಲೆ ಇರುವುದು ಸಹಜ. ಗ್ಲಾಸಿನ ತುಂಬ ಐಸ್ ಪೇರಿಸಿ ಮೇಲಷ್ಟು ಮದ್ಯ ಸುರಿದು ‘ಲಾರ್ಜ್’ ಎಂದು ಕೊಡುವ ಕೈಚಳಕ ಕಂಡವರು ಅನುಮಾನಪಟ್ಟರೆ ಅವರನ್ನು ದೂರಬೇಕಿಲ್ಲ. ಆದರೆ ಅದು ಅಳತೆಯ ಮೋಸ. ಕಣ್ಣೆದುರೇ ಪೆಗ್ ಮೆಷರಿನಲ್ಲಿ ಅಳೆದು ಸುರಿದ ಮೇಲೆ ಎಷ್ಟು ಐಸ್ ಕರಗಿದರೂ ಆಲ್ಕೋಹಾಲ್ ಎಲ್ಲಿಗೂ ಓಡಿಹೋಗುವುದಿಲ್ಲ, ಗ್ಲಾಸಿನಲ್ಲೇ ಇರುತ್ತದೆ.

ಇನ್ನು ‘ಶುದ್ಧ’ ಮದ್ಯದ ಮಾತು. ಭಾರತದಲ್ಲಿ ತಯಾರಾಗುವ ಬಹುತೇಕ ವಿಸ್ಕಿ, ರಮ್, ಜಿನ್ ಬಾಟಲಿಗಳ ಮೇಲೆ 42.8 ಎಂಬ ಅಂಕಿ ಇರುತ್ತದೆ. ಅದು ಆಲ್ಕೋಹಾಲಿನ ಶೇಕಡಾವಾರು ಪ್ರಮಾಣ. ಉಳಿದದ್ದು? ಹೆಚ್ಚುಕಡಿಮೆ ಎಲ್ಲವೂ ನೀರು. ಜಿನ್ ಮಾಡುವವರು ಶೇ. 96ರ ಸುಮಾರಿನ ರುಚಿಯಿಲ್ಲದ ಸ್ಪಿರಿಟ್ ತೆಗೆದುಕೊಂಡು, ಜೂನಿಪರ್ ಕಾಯಿ, ಕೊತ್ತಂಬರಿ ಬೀಜ, ಏಂಜೆಲಿಕಾ ಬೇರು, ನಿಂಬೆ–ಕಿತ್ತಳೆ ಸಿಪ್ಪೆ ಹಾಕಿ ಮತ್ತೆ ಭಟ್ಟಿ ಇಳಿಸುತ್ತಾರೆ. ಆಮೇಲೆ ನೀರು ಬೆರೆಸಿ ಬಾಟಲಿಗಿಳಿಸುತ್ತಾರೆ. ಯುರೋಪಿನ ಕಾನೂನು ಜಿನ್‌ಗೆ ಗೊತ್ತುಮಾಡಿರುವ ಕನಿಷ್ಠ ಮಟ್ಟ ಶೇ. 37.5. ಅಲ್ಲಿಗೆ ನೀರಿಲ್ಲದ ಮದ್ಯಕ್ಕಾಗಿ ಹಟ ಹಿಡಿದವನ ಕೈಯಲ್ಲಿರುವ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆ. ಕಾರ್ಖಾನೆಯಲ್ಲಿ ಸೇರಿದರೆ ಕೌಶಲ, ಬಾರಿನಲ್ಲಿ ಸೇರಿದರೆ ಕಲಬೆರಕೆ ಎನ್ನುವುದು ಯಾವ ಸೀಮೆಯ ನ್ಯಾಯ?

ಕಾಕ್‌ಟೇಲಿನ ಜಾತಕವನ್ನೇ ತೆಗೆದು ನೋಡಬಹುದು. 1806ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು, ಓದುಗನೊಬ್ಬ ಕೇಳಿದನೆಂದು, ಕಾಕ್‌ಟೇಲ್ ಎಂದರೇನು ಎಂದು ವಿವರಿಸಿತು. ಅದು ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ನಾಲ್ಕು: ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಎಂಬ ಕಹಿಸಾರ. ನೀರು ಆಕಸ್ಮಿಕವಾಗಿ ಸೇರಿದ್ದಲ್ಲ, ಹೆಸರು ಹಿಡಿದು ಹೇಳಿದ ಸಾಮಗ್ರಿ. ಐಸ್ ಅಗ್ಗವಾಗಿ ಬಾರ್‌ಗಳಿಗೆ ಬಂದ ಮೇಲೆ ನೀರನ್ನು ಬೇರೆಯಾಗಿ ಸುರಿಯುವ ಕೆಲಸ ತಪ್ಪಿತು, ಐಸೇ ಅದನ್ನು ಒದಗಿಸತೊಡಗಿತು. ಸಾಮಗ್ರಿ ಪಟ್ಟಿಯಿಂದ ನೀರಿನ ಹೆಸರು ಬಿಟ್ಟುಹೋದದ್ದು ಹಾಗೆ. ಪಟ್ಟಿಯಲ್ಲಿ ಕಾಣದ್ದನ್ನು ಮುಂದಿನ ತಲೆಮಾರು ಕಳ್ಳನೆಂದುಕೊಂಡಿತು.

ಒಂದು ಪಾನೀಯವನ್ನೇ ಹಿಡಿದು ನೋಡೋಣ: ಬಿಜೂ. ಪ್ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ಬಾರ್‌ಟೆಂಡರ್ ಹ್ಯಾರಿ ಜಾನ್ಸನ್ 1900ರ ತನ್ನ ಕೈಪಿಡಿಯಲ್ಲಿ ಇದನ್ನು ಕೊಟ್ಟಿದ್ದಾನೆ. ಜಿನ್, ಇಟಲಿಯ ಸಿಹಿ ವರ್ಮೂತ್, ಹಸಿರು ಶಾರ್ಟ್ರೂಸ್ ಮೂರೂ ಸಮಪಾಲು, ಒಂದು ತೊಟ್ಟು ಕಿತ್ತಳೆ ಬಿಟರ್ಸ್. ಇಲ್ಲಿ ಮೂಲಿಕೆಯಿಲ್ಲದ ಬಾಟಲಿ ಒಂದೂ ಇಲ್ಲ. ಜಿನ್‌ನಲ್ಲಿ ಜೂನಿಪರ್. ವರ್ಮೂತ್ ಎಂದರೆ ಬೇರು, ತೊಗಟೆ, ಕಹಿಸೊಪ್ಪು ನೆನೆಸಿದ ವೈನ್. ಶಾರ್ಟ್ರೂಸ್‌ನದ್ದಂತೂ ದೊಡ್ಡ ಕಥೆ. ಫ್ರಾನ್ಸಿನ ಕಾರ್ಥೂಸಿಯನ್ ಸನ್ಯಾಸಿಗಳ ಕೈಗೆ 1605ರಲ್ಲಿ ಒಂದು ಹಸ್ತಪ್ರತಿ ಬಂತು. ಅದನ್ನು ಬಿಡಿಸಿ ಮದ್ದಾಗಿ ಕುದುರಿಸಲು ಅವರಿಗೆ ನೂರು ವರ್ಷಕ್ಕೂ ಮೇಲೆ ಹಿಡಿಯಿತು. 130 ಬಗೆಯ ಗಿಡಮೂಲಿಕೆ. ಪೂರ್ತಿ ಪಾಕ ಗೊತ್ತಿರುವುದು ಇವತ್ತಿಗೂ ಬೆರಳೆಣಿಕೆಯ ಸನ್ಯಾಸಿಗಳಿಗೆ. 1903ರಲ್ಲಿ ಫ್ರೆಂಚ್ ಸರ್ಕಾರ ಅವರನ್ನು ದೇಶದಿಂದ ಹೊರಹಾಕಿದಾಗ ಸ್ಪೇನಿನ ತರಗೋನಕ್ಕೆ ಹೋಗಿ ಅಲ್ಲಿ ಭಟ್ಟಿ ಹಚ್ಚಿದರು. 1935ರಲ್ಲಿ ಗುಡ್ಡ ಕುಸಿದು ಫ್ರಾನ್ಸಿನ ಹಳೆಯ ಭಟ್ಟಿ ನೆಲಸಮವಾಯಿತು. ಪಾಕ ಮಾತ್ರ ಉಳಿದುಕೊಂಡು ಬಂತು.

ಆ ಹಸಿರು ಶಾರ್ಟ್ರೂಸ್‌ನ ಬಲ ಶೇ. 55. ನೀಟಾಗಿ ಕುಡಿದರೆ ನಾಲಗೆಗೆ ಮೊದಲು ತಗಲುವುದು ಸಿಹಿ, ಅದರ ಬೆನ್ನಿಗೇ ಉರಿ. 130 ಮೂಲಿಕೆಗಳ ಪೈಕಿ ಎಷ್ಟು ಆ ಉರಿಯನ್ನು ದಾಟಿ ಬಂದು ಮಾತಾಡುತ್ತವೆ?

ಜಾನ್ಸನ್ ತನ್ನ ಗ್ಲಾಸಿಗೆ ಏನು ಹಾಕಿದ ನೋಡಿ. ಮುಕ್ಕಾಲು ಪಾಲು ತುಂಬುವಷ್ಟು ಹೆರೆದ ಐಸ್. ಇವತ್ತಿನ ಬಾರ್‌ಗಳು ಪೂಜೆಗಿಟ್ಟಂತೆ ತೋರಿಸುವ ಗಡ್ಡೆಯಲ್ಲ, ಎಲ್ಲಕ್ಕಿಂತ ಬೇಗ ಕರಗುವ ಪುಡಿ ಐಸ್. ಅದರ ಮೇಲೆ ಮೂರನ್ನೂ ಸುರಿದು ಚಮಚದಲ್ಲಿ ಚೆನ್ನಾಗಿ ಕಲಕಿ ಸೋಸಬೇಕು. ಕೆಲಸದಲ್ಲಿ ಹೆಸರು ಮಾಡಿದವನೊಬ್ಬ ನೀರಿಗೆ ಹೆದರುತ್ತಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಈಗಿನ ಅಳತೆಯಲ್ಲಿ ಅದನ್ನೇ ಲೆಕ್ಕ ಹಾಕಬಹುದು. 42.8ರ ಜಿನ್ 30 ಎಂ.ಎಲ್., 55ರ ಶಾರ್ಟ್ರೂಸ್ 30, 16ರ ವರ್ಮೂತ್ 30. ಒಟ್ಟು 90 ಎಂ.ಎಲ್., ಅದರಲ್ಲಿ ಆಲ್ಕೋಹಾಲ್ 34 ಎಂ.ಎಲ್. ಚಿಲ್ಲರೆ, ಬಲ ಶೇ. 38ರ ಹತ್ತಿರ. ಕೋಣೆಯ 25 ಡಿಗ್ರಿಯಲ್ಲಿರುವ ಈ ಮಿಶ್ರಣವನ್ನು ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿಳಿಸಬೇಕು. ಐಸ್ ಸೊನ್ನೆಯಲ್ಲೇ ಇದ್ದರೂ ಇದು ಸಾಧ್ಯ, ಏಕೆಂದರೆ ಆಲ್ಕೋಹಾಲ್ ಇರುವ ಕಡೆ ಐಸ್ ಸೊನ್ನೆಗಿಂತ ಕೆಳಗೂ ಕರಗುತ್ತಲೇ ಇರುತ್ತದೆ. ಹೊರತೆಗೆಯಬೇಕಾದ ಶಾಖ ಸುಮಾರು 2,300 ಕ್ಯಾಲೊರಿ. ಅದನ್ನು 80ರಿಂದ ಭಾಗಿಸಿದರೆ 29 ಗ್ರಾಂ. ಉಳಿದ ಐಸನ್ನೂ ಗಾಜನ್ನೂ ತಣ್ಣಗಾಗಿಸುವ ಖರ್ಚು ಸೇರಿದರೆ 30ರ ಆಚೀಚೆ. ಈ 30 ಗ್ರಾಂ ಕರಗದೆ ಆ ತಂಪು ಬರುವುದೇ ಇಲ್ಲ. ನ್ಯೂಯಾರ್ಕಿನ ಬಾರ್ ತಜ್ಞ ಡೇವ್ ಆರ್ನಲ್ಡ್ 2014ರ ‘ಲಿಕ್ವಿಡ್ ಇಂಟೆಲಿಜೆನ್ಸ್’ ಪುಸ್ತಕದಲ್ಲಿ ಥರ್ಮಾಮೀಟರ್ ಹಿಡಿದು ತೋರಿಸಿದ್ದೂ ಇದನ್ನೇ: ಸಾಮಾನ್ಯ ಐಸಿನಲ್ಲಿ ತಂಪಾಗುವುದು, ನೀರಾಗುವುದು ಎರಡು ಬೇರೆ ಕೆಲಸಗಳಲ್ಲ. ಒಂದು ಬೇಕು, ಇನ್ನೊಂದು ಬೇಡ ಎನ್ನಲು ಬರುವುದಿಲ್ಲ.

ಕೊನೆಗೆ ಗ್ಲಾಸಿಗೆ ಬರುವುದು 120 ಎಂ.ಎಲ್., ಬಲ ಶೇ. 28ರಿಂದ 29. ‘ಛೇ, ಲೈಟ್ ಆಯ್ತು’ ಎನ್ನುವವರು ಸ್ವಲ್ಪ ತಡೆಯಬೇಕು. ಅದರಲ್ಲಿರುವ ಆಲ್ಕೋಹಾಲ್ 80 ಎಂ.ಎಲ್. ವಿಸ್ಕಿಯಲ್ಲಿರುವಷ್ಟು. ‘ನೈಂಟಿ’ಗೆ ಬರೀ ಹತ್ತು ಕಮ್ಮಿ. ಕಿಕ್ ಬೇಕೆಂದು ಬಂದವನಿಗೂ ಇಲ್ಲಿ ನಷ್ಟವಾಗಿಲ್ಲ.

ಲಾಭವಾಗಿರುವುದು ನಾಲಗೆಗೆ. ಆಲ್ಕೋಹಾಲಿನ ಉರಿ ಬರೀ ಅನಿಸಿಕೆಯಲ್ಲ. ಬಾಯಲ್ಲಿ ಮೆಣಸಿನಕಾಯಿಯ ಖಾರವನ್ನೂ ಬಿಸಿಯನ್ನೂ ಗುರುತಿಸುವ ಗ್ರಾಹಕವೊಂದಿದೆ, ಆಲ್ಕೋಹಾಲ್ ಅದನ್ನೇ ಕೆಣಕುತ್ತದೆ. ಸಾಮಾನ್ಯವಾಗಿ 42 ಡಿಗ್ರಿಯ ಸುಮಾರಿಗೆ ‘ಸುಡುತ್ತಿದೆ’ ಎಂದು ಕೂಗುವ ಅದು, ಆಲ್ಕೋಹಾಲ್ ತಗಲಿದಾಗ 34ರ ಸುಮಾರಿಗೇ ಕೂಗತೊಡಗುತ್ತದೆಂದು 2002ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬಾಯಿಯ ಬಿಸಿ ಅದಕ್ಕಿಂತ ಹೆಚ್ಚೇ ಇರುವುದರಿಂದ ಏನೂ ಸುಡದೆಯೂ ಬಾಯಿ ಸುಟ್ಟಂತಾಗುತ್ತದೆ. ನೀರು ಆ ಬಲವನ್ನೂ ಐಸ್ ಆ ಬಿಸಿಯನ್ನೂ ತಗ್ಗಿಸಿದಾಗ ಗದ್ದಲ ಅಡಗಿ ಉಳಿದ ದನಿಗಳು ಕೇಳುತ್ತವೆ. ಮೂಗಿಗೂ ಇದೇ ಅನುಕೂಲ. ಮೂಲಿಕೆಗಳ ಪರಿಮಳದ ಎಣ್ಣೆಗಳಿಗೆ ಆಲ್ಕೋಹಾಲಿನ ಜೊತೆ ಸ್ನೇಹ ಜಾಸ್ತಿ, ನೀರಿನ ಜೊತೆ ಕಡಿಮೆ. ನೀರು ಸೇರಿದಂತೆ ಅವು ಮೇಲಕ್ಕೆ ಬರಲು ನೋಡುತ್ತವೆ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ 2017ರಲ್ಲಿ ವಿಸ್ಕಿಯ ಹೊಗೆವಾಸನೆಯ ಗ್ವಾಯಕಾಲ್ ಅಣುವನ್ನು ಕಂಪ್ಯೂಟರಿನಲ್ಲಿ ಹೀಗೇ ಬೆನ್ನಟ್ಟಿದರು. ಶೇ. 45ರವರೆಗಿನ ಬಲದಲ್ಲಿ ಅದು ದ್ರವದ ಮೇಲ್ಮೈಯಲ್ಲಿ ಸುಳಿಯುತ್ತದೆ, 59 ದಾಟಿದರೆ ಆಲ್ಕೋಹಾಲ್ ಅದನ್ನು ಸುತ್ತುವರಿದು ಒಳಗೇ ಇಟ್ಟುಕೊಳ್ಳುತ್ತದೆ. ಅದು ವಿಸ್ಕಿಯ ಒಂದು ಅಣುವಿನ ಮಾತು, 130 ಮೂಲಿಕೆಗೂ ಹಾಗೇ ಅನ್ವಯಿಸಿಬಿಡಲಾಗದು. ದಿಕ್ಕು ಮಾತ್ರ ಸ್ಪಷ್ಟ.

ದಕ್ಷಿಣ ಕರ್ನಾಟಕದ ಮನೆಗಳಲ್ಲಿ ಯಾರೂ ಫಿಲ್ಟರಿನ ಡಿಕಾಕ್ಷನ್ನನ್ನು ಹಾಗೇ ಲೋಟಕ್ಕೆ ಬಗ್ಗಿಸಿ ಶುದ್ಧ ಕಾಫಿ ಎಂದು ಮುಂದಿಡುವುದಿಲ್ಲ. ಡಿಕಾಕ್ಷನ್ನನ್ನು ಗಟ್ಟಿಯಾಗಿ ಇಳಿಸುವುದೇ ಆಮೇಲೆ ಬೆರೆಸುವುದಕ್ಕೆ. ಶೇ. 55ರ ಲಿಕ್ಯೂರನ್ನು ಬಾರ್‌ಟೆಂಡರ್ ಕೈಗೆತ್ತಿಕೊಳ್ಳುವುದೂ ಅದೇ ಭರವಸೆಯ ಮೇಲೆ.

ನೀರಿನ ಮೇಲಿನ ಈ ಹಗೆಗೆ ಇಪ್ಪತ್ತನೇ ಶತಮಾನದ ಮಾರ್ಟಿನಿ ಮೋಹವೂ ಕಾರಣ. 1930ರ ‘ಸವಾಯ್ ಕಾಕ್‌ಟೇಲ್ ಬುಕ್’ನಲ್ಲಿ ಡ್ರೈ ಮಾರ್ಟಿನಿಗೆ ಎರಡು ಪಾಲು ಜಿನ್, ಒಂದು ಪಾಲು ವರ್ಮೂತ್. 1950ರ ಕಾದಂಬರಿಯಲ್ಲಿ ಹೆಮಿಂಗ್ವೇ ಅದನ್ನು ಹದಿನೈದಕ್ಕೆ ಒಂದು ಮಾಡಿಬಿಟ್ಟ. ಮರುವರ್ಷವೇ ಅಮೆರಿಕದ ಲೇಖಕ ಬರ್ನಾರ್ಡ್ ಡಿವೋಟೋ 3.7ಕ್ಕೆ ಒಂದು ಎಂದು ದಶಾಂಶದಲ್ಲಿ ಫರ್ಮಾನು ಹೊರಡಿಸಿದ. ವರ್ಮೂತ್ ಬಾಟಲಿಯ ಕಡೆ ಒಮ್ಮೆ ನೋಡಿದರೆ ಸಾಕು ಎಂಬ ಜೋಕುಗಳು ಹುಟ್ಟಿದವು. ಕಡಿಮೆ ಬಲದ್ದೆಲ್ಲ ಹೆಂಗಸರ ಪಾನೀಯ, ಗಂಡಸಿಗೆ ಬರೀ ಜಿನ್ ಎಂಬ ಪೌರುಷದ ಪಂದ್ಯ ಅದು. ಮೊದಲು ವರ್ಮೂತ್ ಹೋಯಿತು, ಆಮೇಲೆ ಸರದಿ ನೀರಿನದು. ತಮಾಷೆಯೆಂದರೆ ಆ ಪೌರುಷದ ಪರಮಾವತಾರ ಜೇಮ್ಸ್ ಬಾಂಡ್. 1953ರ ‘ಕ್ಯಾಸಿನೋ ರಾಯಲ್’ನಲ್ಲಿ ಅವನು ತನ್ನ ಪಾನೀಯವನ್ನು ಕಲಕಲು ಹೇಳುವುದಿಲ್ಲ, ಐಸ್‌ನಂತೆ ತಣ್ಣಗಾಗುವ ತನಕ ಕುಲುಕಲು ಹೇಳುತ್ತಾನೆ. ಕುಲುಕಿದರೆ ಕಲಕುವುದಕ್ಕಿಂತ ಹೆಚ್ಚು ಐಸ್ ಕರಗುತ್ತದೆ. ಸೀಕ್ರೆಟ್ ಏಜೆಂಟನ ಗುಟ್ಟು ಅದು: ಎಲ್ಲರಿಗಿಂತ ಹೆಚ್ಚು ನೀರು ಕುಡಿದವನು ಅವನೇ.

ನೀರು ಬೇಡ ಎನ್ನುವವರ ಬಳಿ ಒಂದು ನಿಜವಾದ ಅಸ್ತ್ರವಿದೆ. ಅದು ಲಂಡನ್ನಿನ ಡ್ಯೂಕ್ಸ್ ಬಾರ್. ಸಾಲ್ವತೋರೆ ಕಲಾಬ್ರೆಸೆ 1980ರ ದಶಕದಲ್ಲಿ ಅಲ್ಲಿ ರೂಢಿಗೆ ತಂದ ಮಾರ್ಟಿನಿಗೆ ಐಸೂ ಇಲ್ಲ, ಚಮಚವೂ ಇಲ್ಲ. ಫ್ರೀಜರಿನಲ್ಲಿ ಕೊರೆಯುವಷ್ಟು ತಣಿಸಿದ ಗ್ಲಾಸಿಗೆ ತೊಟ್ಟು ವರ್ಮೂತ್, ಅದರ ಮೇಲೆ ಫ್ರೀಜರಿನಿಂದಲೇ ಎತ್ತಿದ ಜಿನ್, ಕೊನೆಗೆ ನಿಂಬೆ ಸಿಪ್ಪೆ. ಕುಡಿದವರು ಹೊಗಳುತ್ತಾರೆ, ಹೊಗಳಿಕೆ ಸುಳ್ಳಲ್ಲ. ಆದರೆ ಅದು ಹೆಚ್ಚುಕಡಿಮೆ ಒಂದೇ ಮದ್ಯದ ಪಾನೀಯ, ಮೈನಸ್ ಹದಿನೆಂಟರ ಆಸುಪಾಸಿನ ತಂಪು ಅದರ ಉರಿಯನ್ನು ಮುಚ್ಚಿಹಾಕುತ್ತದೆ. ಗ್ಲಾಸು ಬೆಚ್ಚಗಾಗುತ್ತ ಬಂದಂತೆ ಉರಿ ವಾಪಸು ಬರುತ್ತದೆ. ಗಿರಾಕಿಯೊಬ್ಬನಿಗೆ ಎರಡಕ್ಕಿಂತ ಹೆಚ್ಚು ಕೊಡುವುದಿಲ್ಲವೆಂಬ ಆ ಬಾರಿನ ನಿಯಮ ಪ್ರಸಿದ್ಧ. ಅದೇ ಉಪಾಯವನ್ನು ಬಿಜೂಗೆ ಹೂಡಿದರೆ? ಶಾರ್ಟ್ರೂಸ್ ಮತ್ತು ವರ್ಮೂತ್‌ನ ಸಕ್ಕರೆ ಆ ಚಳಿಯಲ್ಲಿ ಮಂದವಾಗಿ ಬಾಯಿಗೆ ಮೆತ್ತಿಕೊಳ್ಳುತ್ತದೆ, ಪರಿಮಳ ಏಳುವುದಿಲ್ಲ, ಬಲ ಮಾತ್ರ 38ರಲ್ಲೇ ನಿಂತಿರುತ್ತದೆ. ಒಂದು ಬಾರಿನ ಒಂದು ಪಾನೀಯಕ್ಕೆ ಒಗ್ಗಿದ ವಿಧಾನವನ್ನು ಎಲ್ಲದಕ್ಕೂ ಶಾಸ್ತ್ರ ಮಾಡಿದ್ದೇ ಎಡವಟ್ಟು.

ಅದೇ ಲಂಡನ್ನಿನಲ್ಲಿ 2013ರಲ್ಲಿ ರಯಾನ್ ಚೇತಿಯವರ್ಧನ ವೈಟ್ ಲಯನ್ ಎಂಬ ಬಾರ್ ತೆರೆದ. ಅಲ್ಲಿಯೂ ಐಸ್ ಇರಲಿಲ್ಲ. ಆದರೆ ಕಾಕ್‌ಟೇಲ್‌ಗಳನ್ನು ಮೊದಲೇ ಬೆರೆಸಿ ತಣ್ಣಗಿಡುವಾಗ ಅವನು ನೀರನ್ನು ಅಳೆದು ಹಾಕುತ್ತಿದ್ದ. ಇವತ್ತು ಮದುವೆ, ಪಾರ್ಟಿಗಳಿಗೆ ನೆಗ್ರೋನಿಯನ್ನು ಬಾಟಲಿಗಟ್ಟಲೆ ಮಾಡಿಡುವ ಬಾರ್‌ಟೆಂಡರ್‌ಗಳ ಕ್ರಮವೂ ಇದೇ: ಜಿನ್, ಕಂಪಾರಿ, ವರ್ಮೂತ್ ಸುರಿದು, ಕೊನೆಗೆ ಒಟ್ಟಿನ ಐದನೆಯ ಅಥವಾ ನಾಲ್ಕನೆಯ ಒಂದು ಪಾಲಿನಷ್ಟು ನೀರು. ಗಿರಾಕಿಗೆ ‘ನೀರು ಕಡಿಮೆ’ ಎಂದು ಹೇಳುವ ಬಾಯೇ ಅಡುಗೆಮನೆಯಲ್ಲಿ ನೀರಿನ ಅಳತೆ ಕೇಳುತ್ತಿರುತ್ತದೆ.

ದೊಡ್ಡ ಐಸ್‌ಗಡ್ಡೆಗೆ ಬಂದರೆ ಮೂಗಿಗಿಂತ ಮೂಗುತಿ ಭಾರ. ಐದು ಸೆಂಟಿಮೀಟರಿನ ಒಂದು ಚೌಕ ಗಡ್ಡೆಯ ಮೈ 150 ಚದರ ಸೆಂಟಿಮೀಟರ್. ಅದನ್ನೇ ಎರಡೂವರೆ ಸೆಂಟಿಮೀಟರಿನ ಎಂಟು ತುಂಡು ಮಾಡಿದರೆ 300. ಮೈ ಕಡಿಮೆಯಾದ್ದರಿಂದ ಗಡ್ಡೆ ನಿಧಾನವಾಗಿ ಕರಗುತ್ತದೆ, ನಿಜ. ಅದೇ ಕಾರಣಕ್ಕೆ ನಿಧಾನವಾಗಿ ತಣಿಸುತ್ತದೆ ಕೂಡ. ಮೊದಲೇ ಕಲಕಿ ತಣಿಸಿದ ಪಾನೀಯವನ್ನು ಮೆಲ್ಲಗೆ ಕುಡಿಯುವವನ ಗ್ಲಾಸಿನಲ್ಲಿ ಗಡ್ಡೆಗೆ ಜಾಗವಿದೆ. ಮಿಕ್ಸಿಂಗ್ ಗ್ಲಾಸಿನಲ್ಲಿ ಅದನ್ನಿಟ್ಟು ಹತ್ತು ಸುತ್ತು ತಿರುಗಿಸಿ ಸೋಸಿದರೆ ಸಿಗುವುದು ಬೆಚ್ಚನೆಯ, ಅರೆಬೆರೆತ ಮದ್ಯ. ಡೀಪ್ ಫ್ರೀಜರಿನಿಂದ ಆಗತಾನೆ ತೆಗೆದ ಐಸಿನದೂ ಇಂಥದೇ ತೊಡಕು. ಅದು ತನ್ನ ಒಣಚಳಿಯಿಂದಲೇ ಸಾಕಷ್ಟು ತಣಿಸಿಬಿಡುವುದರಿಂದ ಕಡಿಮೆ ಕರಗುತ್ತದೆ. ಮನೆಯಲ್ಲಿ ಮಾಡಿಕೊಂಡ ನೆಗ್ರೋನಿ ಬಾರಿನದಕ್ಕಿಂತ ಒರಟಾಗಿದೆ ಅನಿಸಿದರೆ ಜಿನ್ ಬ್ರ್ಯಾಂಡನ್ನು ಬೈಯುವ ಮೊದಲು ಎರಡು ಚಮಚ ತಣ್ಣೀರು ಹಾಕಿ ನೋಡಬಹುದು.

ಹಾಗಾದರೆ ಸಪ್ಪೆ ಕಾಕ್‌ಟೇಲ್ ಇಲ್ಲವೇ ಇಲ್ಲವೆ? ಧಾರಾಳವಾಗಿ ಇದೆ, ಊರ ತುಂಬ ಇದೆ. ಆದರೆ ಕಲಕುವಾಗ ಕರಗಿದ ನೀರು ಅದಕ್ಕೆ ಕಾರಣವಾಗುವುದು ಅಪರೂಪ. ಪಾನೀಯ ತಳ ಮುಟ್ಟುವಷ್ಟು ತಣ್ಣಗಾದ ಮೇಲೆ ಐಸ್ ಕರಗುವ ವೇಗವೂ ಇಳಿಯುತ್ತದೆ. ಹತ್ತು ಸೆಕೆಂಡ್ ಹೆಚ್ಚು ಕಲಕಿದ್ದಕ್ಕೆ ಯಾವ ಬಿಜೂವೂ ಹಾಳಾಗಿಲ್ಲ. ಹಾಳು ಮಾಡುವುದು ಕೆಲಸ ಮಾಡದೆ ಬಂದು ಸೇರಿದ ನೀರು. ಬಕೆಟ್ಟಿನಲ್ಲಿ ಗಂಟೆಗಟ್ಟಲೆ ಕೂತು ಬೆವೆತ ಐಸನ್ನು ಬಸಿಯದೆ ಹಾಗೇ ಸುರಿದರೆ, ಅದಕ್ಕಂಟಿದ ನೀರು ತನ್ನ 80 ಕ್ಯಾಲೊರಿಯನ್ನು ಆಗಲೇ ಬಕೆಟ್ಟಿನಲ್ಲಿ ಕಳೆದುಕೊಂಡು ಬಂದಿರುತ್ತದೆ. ಅದು ತಣಿಸುವುದಿಲ್ಲ, ತೆಳುವಾಗಿಸುತ್ತದೆ ಅಷ್ಟೆ. ‘ಐಸ್ ಕಮ್ಮಿ’ ಎಂದು ಹೇಳಿಸಿಕೊಂಡ ಗ್ಲಾಸಿನಲ್ಲಿ ಆಗುವುದೂ ಹೀಗೇ: ಇದ್ದ ಎರಡು ತುಂಡು ಪೂರ್ತಿ ಕರಗಿ ನೀರಾಗುತ್ತವೆ, ಹಿಡಿದಿಡುವ ಐಸ್ ಇಲ್ಲದೆ ಪಾನೀಯ ಬೆಚ್ಚಗಾಗುತ್ತದೆ. ಯಾವುದಕ್ಕೆ ಹೆದರಿದ್ದನೋ ಅದನ್ನೇ ಕೇಳಿ ತರಿಸಿಕೊಂಡಂತೆ.

ಇನ್ನೊಬ್ಬ ಅಪರಾಧಿ ಕೌಂಟರಿನ ಹಿಂದೆ, ಬಣ್ಣದ ದೀಪದ ಕೆಳಗೆ, ಅಲಂಕಾರಕ್ಕೆಂದು ನಿಲ್ಲಿಸಿದ ಬಾಟಲಿಗಳ ಸಾಲಿನಲ್ಲೇ ಇರುತ್ತಾನೆ. ವರ್ಮೂತ್ ವೈನಿನಿಂದ ಆದದ್ದು, ಶೇ. 16–18ರ ಬಲ ಅದನ್ನು ಗಾಳಿಯಿಂದ ಬಹುಕಾಲ ಕಾಯಲಾರದು. ತೆರೆದ ಮೇಲೆ ಫ್ರಿಡ್ಜಿನಲ್ಲಿಟ್ಟು ಒಂದೆರಡು ತಿಂಗಳೊಳಗೆ ಮುಗಿಸಬೇಕು. ಎಷ್ಟೋ ಬಾರ್‌ಗಳಲ್ಲಿ ಅದು ಜಿನ್, ರಮ್ಮಿನ ಪಕ್ಕದಲ್ಲೇ ಬೆಚ್ಚಗೆ ನಿಂತು ಹಬ್ಬದಿಂದ ಹಬ್ಬಕ್ಕೆ ಖರ್ಚಾಗುತ್ತದೆ. ಹಳಸಿದ ವರ್ಮೂತ್ ಬಿದ್ದ ಬಿಜೂ ಸಪ್ಪೆಯಾಗದೆ ಇನ್ನೇನಾಗಬೇಕು? ಅದರ ಜೊತೆ ಬೀಳುವ ಶಾರ್ಟ್ರೂಸ್ ಈಗ ಸುಲಭಕ್ಕೆ ಸಿಗುವಂಥದ್ದೂ ಅಲ್ಲ. ಪ್ರಾರ್ಥನೆ, ಏಕಾಂತಕ್ಕೆ ಸಮಯ ಬೇಕು, ಉತ್ಪಾದನೆ ಇನ್ನು ಹೆಚ್ಚಿಸುವುದಿಲ್ಲ ಎಂಬ ಸನ್ಯಾಸಿಗಳ ತೀರ್ಮಾನ 2023ರಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು. ಅಂಥ ಬಾಟಲಿಯಿಂದ 30 ಎಂ.ಎಲ್. ಅಳೆಯುವ ಮುಂಚೆ ಗಿರಾಕಿ ಬಾರ್‌ಟೆಂಡರನನ್ನು ಕೇಳಬೇಕಾದದ್ದು ಐಸ್ ಎಷ್ಟು ಎಂದಲ್ಲ. ಐಸಿನ ನೀರು ಬಸಿದೆಯಾ, ವರ್ಮೂತ್ ತೆರೆದು ಎಷ್ಟು ದಿನವಾಯಿತು ಎಂದು.